ಇಲಿಯ ಕಣ್ಣು, ನಮ್ಮ ಹೊಣೆ

ಮುಂಬಯಿಯ ಪರೇಲಿನಲ್ಲಿ ಎರಡು ಹಳೆಯ ಸಂಸ್ಥೆಗಳಿವೆ. ಒಂದು, 1880ರ ದಶಕದಲ್ಲಿ ಆರಂಭವಾದ ಬಾಯಿ ಸಕರಬಾಯಿ ದಿನಶಾ ಪೆಟಿಟ್ ಪ್ರಾಣಿಗಳ ಆಸ್ಪತ್ರೆ. ಇನ್ನೊಂದು, ಪ್ಲೇಗಿನ ಲಸಿಕೆಗಾಗಿ ಹುಟ್ಟಿ 1899ರಲ್ಲಿ ಹಳೆಯ ಗವರ್ನಮೆಂಟ್ ಹೌಸಿಗೆ ಬಂದ ಹಾಫ್‌ಕಿನ್ ಸಂಸ್ಥೆ. ಒಂದು ಪ್ರಾಣಿಯನ್ನು ಬದುಕಿಸುವ ಮನೆ. ಇನ್ನೊಂದು ಮನುಷ್ಯನನ್ನು ಬದುಕಿಸಲು ಪ್ರಾಣಿಯನ್ನು ಬಳಸಿಕೊಂಡ ಮನೆ. (ಮನುಷ್ಯರ ಪೈಕಿ ಆ ಲಸಿಕೆಯನ್ನು ಹಾಫ್‌ಕಿನ್ ಮೊದಲು ಚುಚ್ಚಿಕೊಂಡದ್ದು ತಮಗೇ, 1897ರ ಜನವರಿಯಲ್ಲಿ.) ಎರಡೂ ನಮಗೆ ಬೇಕು. ಇವುಗಳ ನಡುವಿನ ಲೆಕ್ಕವನ್ನು ಮಾತ್ರ ನಾವು ಆಗಾಗ ಹೊಸದಾಗಿ ಬರೆಯಬೇಕಾಗುತ್ತದೆ.

ಕಣ್ಣೊಳಗಿನ ಉರಿಯೂತವನ್ನೇ ನೋಡೋಣ. ವೈದ್ಯರು ಯುವಿಯೈಟಿಸ್ ಎನ್ನುವ ಈ ರೋಗ ನಮಗೆ ದೂರದ್ದಲ್ಲ. ಮಳೆಗಾಲದ ಇಲಿಜ್ವರ ವಾಸಿಯಾಗಿ ವಾರಗಳು, ತಿಂಗಳುಗಳು ಕಳೆದ ಮೇಲೂ ಅದು ಕಣ್ಣಿನಲ್ಲಿ ತಲೆಯೆತ್ತಬಹುದು. 1993ರ ನೆರೆಯ ಬಳಿಕ ಮದುರೆಯ ಅರವಿಂದ ಕಣ್ಣಾಸ್ಪತ್ರೆಯ ವೈದ್ಯರು ಇಂತಹ ಅನೇಕ ರೋಗಿಗಳನ್ನು ಕಂಡರು. 2005ರ ಜುಲೈ 26ರ ಮಳೆಯನ್ನು ಕಂಡ ಮುಂಬಯಿಗರಿಗೆ ಇಲಿಜ್ವರದ ಪರಿಚಯ ಬೇಕಿಲ್ಲ. ಆದ್ದರಿಂದ ಪ್ರಯೋಗವೇ ಬೇಡವೆನ್ನುವ ಸುಲಭದ ಅಹಿಂಸೆ ನಮ್ಮದಲ್ಲ.

ಪ್ರಯೋಗಶಾಲೆಯಲ್ಲಿ ಅಕ್ಷಿಪಟಲದ ಪ್ರೋಟೀನೊಂದನ್ನು ಇಲಿಗೆ ಚುಚ್ಚಿ, ಅದರ ರೋಗನಿರೋಧಕ ಶಕ್ತಿ ತನ್ನ ಕಣ್ಣಿನ ಮೇಲೆಯೇ ತಿರುಗಿಬೀಳುವಂತೆ ಮಾಡುತ್ತಾರೆ. ರೋಗದ ಏರಿಳಿತವನ್ನು ತಿಳಿಯಲು ಗೊತ್ತಾದ ದಿನಗಳಲ್ಲಿ ಒಂದಷ್ಟು ಇಲಿಗಳನ್ನು ಕೊಂದು, ಕಣ್ಣನ್ನು ಸೀಳಿ, ಸೂಕ್ಷ್ಮದರ್ಶಕದಲ್ಲಿ ನೋಡುವುದು ಹಳೆಯ ಪದ್ಧತಿ. ಐದು ಸಲ ನೋಡಬೇಕು, ಸಲಕ್ಕೆ ಆರು ಎಂದರೆ ಮೂವತ್ತು ಇಲಿ. ಏಳನೆಯ ದಿನ ಸತ್ತ ಇಲಿ ಹದಿನಾಲ್ಕನೆಯ ದಿನ ಹೇಗಿರುತ್ತಿತ್ತೆಂಬುದು ಯಾರಿಗೂ ತಿಳಿಯದು.

ಕಣ್ಣಾದರೋ ಬೆಳಕಿಗೆಂದೇ ತೆರೆದ ಅಂಗ. 1991ರಲ್ಲಿ ಅಮೆರಿಕದ ಎಂಐಟಿಯ ಸಂಶೋಧಕರೂ ಅವರ ಸಹವರ್ತಿಗಳೂ ಪ್ರಕಟಿಸಿದ ಓಸಿಟಿ ವಿಧಾನ, ಒಳಪದರಗಳಿಂದ ಮರಳುವ ಅವಕೆಂಪು ಬೆಳಕಿನಿಂದಲೇ ಅವುಗಳ ಚಿತ್ರ ಬಿಡಿಸುತ್ತದೆ. ಬೊರಿವಲಿಯಲ್ಲೋ ಡೊಂಬಿವಲಿಯಲ್ಲೋ ಗದ್ದ ಆನಿಸಿ ಕುಳಿತ ನಮ್ಮ ಹಿರಿಯರ ಕಣ್ಣನ್ನು ಪರೀಕ್ಷಿಸುವುದೂ ಇದೇ ವಿಧಾನ. ಅರಿವಳಿಕೆ ಪಡೆದ ಇಲಿಯಲ್ಲಿ ಊದಿದ ಅಕ್ಷಿಪಟಲವೂ, ಅದರ ಮುಂದೆ ಚುಕ್ಕಿಗಳಂತೆ ತೇಲುವ ಉರಿಯೂತದ ಕೋಶಗಳೂ ಕಾಣುತ್ತವೆ. ಅದೇ ಆರು ಇಲಿಗಳನ್ನು ಐದು ಸಲವೂ ನೋಡಬಹುದು.

ಇಷ್ಟಕ್ಕೇ ಬೀಗುವಂತಿಲ್ಲ. ಚುಕ್ಕಿ ಯಾವ ಬಗೆಯ ಕೋಶವೆಂದು ಆ ಚಿತ್ರ ಹೇಳದು; ಉರಿಯೂತ ದಟ್ಟವಾದರೆ ಬೆಳಕೇ ಒಳಹೋಗದು; ಕೊನೆಗೆ ಅಂಗಾಂಶದ ಪರೀಕ್ಷೆ ತಪ್ಪದು. ಅದಕ್ಕಿಂತ ಮುಖ್ಯವಾಗಿ, ರಸೆಲ್ ಮತ್ತು ಬರ್ಚ್ 1959ರಲ್ಲಿ ಹೇಳಿದ ಸಂಖ್ಯೆಯ ಕಡಿತ, ನೋವಿನ ಕಡಿತ ಎಂಬೆರಡು ತತ್ತ್ವಗಳು ಇಲ್ಲಿ ಪರಸ್ಪರ ಎದುರಾಗುತ್ತವೆ. ಉಳಿದ ಇಲಿ ಉರಿಯುವ ಕಣ್ಣಿನೊಡನೆ ಹೆಚ್ಚು ದಿನ ಬದುಕುತ್ತದೆ, ಮತ್ತೆ ಮತ್ತೆ ಅರಿವಳಿಕೆಗೆ ಒಳಗಾಗುತ್ತದೆ.

1960ರ ಪ್ರಾಣಿಹಿಂಸೆ ತಡೆ ಕಾಯಿದೆ ಪ್ರಯೋಗವನ್ನು ನಿಷೇಧಿಸದು. ಅನಗತ್ಯ ನೋವು ಸಲ್ಲದೆನ್ನುತ್ತದೆ. 'ಅನಗತ್ಯ' ಎಂಬುದರ ಅರ್ಥ ಉಪಕರಣದೊಡನೆ ಬದಲಾಗಬೇಕು. ಕಡತಗಳ ನಡುವೆ ಬದುಕುವ ನಮಗೆ ಗೊತ್ತು, ನೇರವಾಗಿ ಕೇಳದ ಪ್ರಶ್ನೆಗೆ ನೇರ ಉತ್ತರ ಬರುವುದಿಲ್ಲ. ಸಂಸ್ಥೆಗಳ ನೈತಿಕ ಸಮಿತಿಗಳು ಇಲಿಗಳ ಸಂಖ್ಯೆಗೆ ಸಮರ್ಥನೆ ಕೇಳಿದರಷ್ಟೇ ಸಾಲದು. ನಡುವಿನ ದಿನಗಳಲ್ಲಿ ಕೊಲ್ಲುವುದೇಕೆ ಅನಿವಾರ್ಯ, ಉಳಿಸಿದ ಪ್ರಾಣಿಯ ನೋವು ಯಾವ ಹಂತ ಮುಟ್ಟಿದರೆ ಪ್ರಯೋಗ ನಿಲ್ಲುತ್ತದೆ ಎಂಬುದನ್ನೂ ಬರೆಸಿಕೊಳ್ಳಲಿ. ಯಂತ್ರ ದುಬಾರಿ ಎನ್ನುವವರಿದ್ದಾರೆ. ಹಾಗಿದ್ದರೆ ಸಾರ್ವಜನಿಕ ಹಣದ ಅನುದಾನ ಮಂಜೂರಾಗುವಾಗಲೇ ಅದರ ವೆಚ್ಚವೂ ಸೇರಲಿ.