'ಹಿಂಡಬೇಡಿ' ಅನ್ನೋದಕ್ಕೆ ಯಾವ ಕೋಡ್?

ಬೆಂಗಳೂರಲ್ಲಿ ಯಾರಾದ್ರೂ "ನಾನು ಕೋಡಿಂಗ್ ಮಾಡ್ತೀನಿ" ಅಂದ್ರೆ ತಕ್ಷಣ ಜಾವಾನಾ, ಪೈಥಾನಾ ಅಂತ ಕೇಳ್ಬೇಡಿ. ಇನ್ನೊಂದು ಥರದ ಕೋಡಿಂಗೂ ಇದೆ. ಡಾಕ್ಟರು ಬರೆದ ಟಿಪ್ಪಣಿ ಓದಿ, ಅದರಲ್ಲಿರೋ ಒಂದೊಂದು ತೊಂದರೆಗೂ ಒಂದೊಂದು ಸಂಖ್ಯೆ ಹಚ್ಚೋ ಕೆಲಸ. ಅಮೆರಿಕದ ಆಸ್ಪತ್ರೆಗಳ ಈ ಕೆಲಸ ನಮ್ಮೂರಿನ ಆಫೀಸುಗಳಲ್ಲೂ ನಡೆಯುತ್ತೆ. ನಾನು ಮೊದಲನೇ ಥರದವನು. ಆದ್ರೆ ನಾನು ಬರೆಯೋ ಪ್ರೋಗ್ರಾಮು ಎರಡನೇ ಥರದವರಿಗೆ. ಹಾಗಾಗಿ ಈ ಸಂಖ್ಯೆಗಳ ಜೊತೆ ದಿನಾ ಒಡನಾಟ.

ಅದರಲ್ಲೊಂದು ಪಿ83.4. ಹುಟ್ಟಿದ ಮಗುವಿನ ಎದೆ ಊದಿಕೊಂಡಿದ್ರೆ ಹಚ್ಚೋ ಕೋಡು. ಇದನ್ನ ನೋಡಿ ನಗೋರು ಬಹಳ. "ಬಿಡಿ ಸಾರ್, ಅಮೆರಿಕದವರು ಸೀನಿಗೂ ಕೋಡ್ ಇಟ್ಕೊಂಡಿದ್ದಾರೆ" ಅಂತಾರೆ. ಸೀನಿಗೂ ಕೋಡ್ ಇರೋದು ನಿಜವೇ, ಆರ್06.7 :-) ಆದ್ರೆ ಎಲ್ಲದಕ್ಕೂ ನಕ್ಕು ಸುಮ್ಮನಾದ್ರೆ ಆಗಲ್ಲ ಸ್ವಾಮಿ. ಪಿ83.4 ತಮಾಷೆಯ ವಿಷಯ ಅಲ್ಲ.

ಮೊದಲು ವಿಷಯ ಏನು ಅಂತ ನೋಡೋಣ. ಮಗು ಹೊಟ್ಟೆಯಲ್ಲಿದ್ದಾಗ ತಾಯಿಯ ಈಸ್ಟ್ರೋಜನ್ ಹಾರ್ಮೋನು ಅದಕ್ಕೂ ತಲುಪಿರುತ್ತೆ. ಹುಟ್ಟಿದ ಮೇಲೆ ಆ ಪೂರೈಕೆ ನಿಲ್ಲುತ್ತೆ, ಪ್ರೊಲ್ಯಾಕ್ಟಿನ್ ಅನ್ನೋ ಇನ್ನೊಂದು ಹಾರ್ಮೋನು ತನ್ನ ಕೆಲಸ ಶುರು ಮಾಡುತ್ತೆ. ಮೂರು-ನಾಲ್ಕನೇ ದಿನದ ಹೊತ್ತಿಗೆ ಎದೆ ಸ್ವಲ್ಪ ಊದಿಕೊಳ್ಳಬಹುದು. ಹೆಣ್ಣಾದ್ರೂ ಅಷ್ಟೇ, ಗಂಡಾದ್ರೂ ಅಷ್ಟೇ. ಕೆಲವು ಮಕ್ಕಳಲ್ಲಿ ಒಂದೆರಡು ತೊಟ್ಟು ಹಾಲೂ ಬರುತ್ತೆ. ಯುರೋಪಿನ ಜನ ಹಿಂದೆ ಅದನ್ನ 'ಮಾಟಗಾತಿಯ ಹಾಲು' ಅಂತ ಕರೀತಿದ್ರಂತೆ. ತಿಂಗಳು ತುಂಬಿ ಹುಟ್ಟಿದ ಮಕ್ಕಳಲ್ಲಿ ಇದು ತೀರಾ ಸಾಮಾನ್ಯ. ಮದ್ದು ಬೇಕಿಲ್ಲ, ಮುಟ್ಟದೆ ಬಿಟ್ರೆ ಕೆಲವು ವಾರಗಳಲ್ಲಿ ತಾನಾಗೇ ಇಳಿಯುತ್ತೆ.

ಮುಟ್ಟದೆ ಬಿಟ್ರೆ! ತಕರಾರು ಇರೋದೇ ಅಲ್ಲಿ. ನಮ್ಮ ಎಷ್ಟೋ ಮನೆಗಳಲ್ಲಿ ಎಣ್ಣೆ-ನೀರು ಹಾಕುವಾಗ ಆ ಹಾಲನ್ನ ಹಿಂಡಿ ತೆಗೆಯೋ ಪದ್ಧತಿ ಇದೆ. ಹಿಂಡಿದಾಗ ಚರ್ಮಕ್ಕೆ ಗಾಯ ಆಗಿ ಬ್ಯಾಕ್ಟೀರಿಯಾ ಒಳಗೆ ಹೋದ್ರೆ, ಅದರಲ್ಲೂ ಸ್ಟೆಫಿಲೋಕಾಕಸ್ ಆರಿಯಸ್ ಹೋದ್ರೆ, ಎದೆ ಕೆಂಪಾಗಿ ಬಿಸಿಯಾಗಿ ಕೀವು ಕಟ್ಟುತ್ತೆ. ಆಗ ಆಂಟಿಬಯಾಟಿಕ್ ಬೇಕು, ಕೆಲವೊಮ್ಮೆ ಕೊಯ್ದು ಕೀವು ತೆಗೀಬೇಕು. ಹೆಣ್ಣುಮಗುವಿಗೆ ಒಳಗಿನ ಸ್ತನದ ಮೊಗ್ಗೇ ಹಾಳಾದ್ರೆ ದೊಡ್ಡವಳಾದಾಗ ಆ ಕಡೆಯ ಎದೆ ಸರಿಯಾಗಿ ಬೆಳೆಯದೇ ಇರಬಹುದು. ಈ ಸೋಂಕಿಗೆ ಬೇರೆ ಕೋಡು: ಪಿ39.0.

ಈಗ ನನ್ನ ವಾದ. ಈ ಪಟ್ಟಿ ಮಾಡಿದವರನ್ನ ಬೈಯೋದು ಸುಲಭ, ಆದ್ರೆ ಅವರು ಇಲ್ಲಿ ಸರಿಯಾದ ಕೆಲಸವನ್ನೇ ಮಾಡಿದ್ದಾರೆ. ನಿರುಪದ್ರವಿ ಊತವನ್ನೂ ಸೋಂಕನ್ನೂ ಬೇರೆ ಬೇರೆ ಇಟ್ಟಿದ್ದಾರೆ. ಅಮೆರಿಕ 2015ರ ಅಕ್ಟೋಬರ್ 1ಕ್ಕೆ ಐಸಿಡಿ-10-ಸಿಎಂಗೆ ಬದಲಾಗೋ ಮುಂಚಿನ ಹಳೇ ಪಟ್ಟಿಯಲ್ಲೂ ಇವು ಬೇರೆಯೇ ಇದ್ವು: 778.7 ಮತ್ತು 771.5. ಈಗಿನ ಪಟ್ಟಿಯಲ್ಲಂತೂ ಪಿ39.0 ಕೆಳಗೆ, 'ಊತವಾದ್ರೆ ಇಲ್ಲಿ ಬರೀಬೇಡಿ, ಪಿ83.4ಗೆ ಹೋಗಿ' ಅನ್ನೋ ಸೂಚನೆಯೇ ಇದೆ. ಅಷ್ಟೇ ಅಲ್ಲ, ನವಜಾತ ಶಿಶುವಿನಲ್ಲಿ ಕಂಡಿದ್ದಕ್ಕೆಲ್ಲ ಕೋಡ್ ಹಚ್ಚಿ ಅಂತಲೂ ಅಮೆರಿಕದ ನಿಯಮ ಹೇಳಲ್ಲ. ಅದಕ್ಕೆ ಪರೀಕ್ಷೆ, ಚಿಕಿತ್ಸೆ, ಹೆಚ್ಚಿನ ನಿಗಾ ಬೇಕಾಗಿದ್ರೆ, ಆಸ್ಪತ್ರೆಯಲ್ಲಿ ಹೆಚ್ಚು ದಿನ ಇರಬೇಕಾಗಿದ್ರೆ, ಅಥವಾ ಮುಂದೆ ಆರೈಕೆ ಬೇಕಾಗುತ್ತೆ ಅಂತ ವೈದ್ಯರಿಗೆ ಅನ್ನಿಸಿದ್ರೆ ಮಾತ್ರ ಅಂತ ಹೇಳುತ್ತೆ. ಸಹಜವಾದದ್ದನ್ನ ರೋಗ ಮಾಡಬೇಡಿ ಅಂತ ತಾನೇ ಇದರರ್ಥ?

ಹಾಗಾದ್ರೆ ಕೆಡೋದು ಎಲ್ಲಿ? ತೆರೆಯ ಮೇಲೆ. ಪಿ83.4ರ ಅಡಿಯಲ್ಲಿ 'ಸೋಂಕಿಲ್ಲದ ಮಾಸ್ಟೈಟಿಸ್' ಅನ್ನೋ ಹೆಸರೂ ಇದೆ. ಪಿ39.0 'ಸೋಂಕಿನ ಮಾಸ್ಟೈಟಿಸ್'. ಹುಡುಕೋ ಪೆಟ್ಟಿಗೆಯಲ್ಲಿ 'ಮಾಸ್ಟೈಟಿಸ್' ಅಂತ ಟೈಪಿಸಿದ್ರೆ ಎರಡೂ ಒಂದರ ಕೆಳಗೊಂದು ಬಂದು ನಿಲ್ತವೆ. ಒಂದು ಕ್ಲಿಕ್ ಆಚೀಚೆ ಆದ್ರೆ ಆರೋಗ್ಯವಂತ ಮಗುವಿನ ದಾಖಲೆಯಲ್ಲಿ ಸೋಂಕು ಕೂತುಬಿಡುತ್ತೆ. ಅಥವಾ ಕೀವಾದ ಮಗು 'ಏನಿಲ್ಲ, ಸಹಜ' ಅನ್ನೋ ಗುಂಪಿಗೆ ಸೇರುತ್ತೆ. ಈಗ ಟಿಪ್ಪಣಿಯನ್ನ ಓದಿ ತಾನೇ ಕೋಡ್ ಸೂಚಿಸೋ ತಂತ್ರಾಂಶಗಳೂ ಬಂದಿವೆ. ಪದ ನೋಡಿ ಕೋಡ್ ಆರಿಸೋ ಯಂತ್ರಕ್ಕೆ 'ಕೆಂಪಿಲ್ಲ, ಜ್ವರ ಇಲ್ಲ' ಅನ್ನೋ ವಾಕ್ಯದ 'ಇಲ್ಲ' ಕಾಣದೇ ಹೋದ್ರೆ ಕಥೆ ಮುಗೀತು. "ಅದೊಂದು ಕಾಲಂ ಅಷ್ಟೇ ಗುರು" ಅನ್ನೋ ಇಂಜಿನಿಯರುಗಳಿಗೆ ನನ್ನ ಉತ್ತರ: ಆ ಕಾಲಂನಲ್ಲಿರೋದು ಯಾರದೋ ಮಗು.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಈ ಪಟ್ಟಿಯ ಬೇರು 1893ರಲ್ಲಿ ಫ್ರಾನ್ಸಿನ ಜಾಕ್ ಬರ್ಟಿಲ್ಲನ್ ಮಂಡಿಸಿದ ಸಾವಿನ ಕಾರಣಗಳ ಪಟ್ಟಿಯಲ್ಲಿದೆ. ಅಂದ್ರೆ ಎಣಿಸೋದಕ್ಕೆ ಹುಟ್ಟಿದ್ದು. ಆಮೇಲೆ ಕಾಯಿಲೆಗಳು ಸೇರಿದ್ವು, ಬಿಲ್ಲು ಸೇರಿತು. ತಾಯಿಯ ಜೊತೆ ಮಾತಾಡೋದಕ್ಕೆ ಅಂತ ಯಾರೂ ಅದನ್ನ ಮಾಡಲಿಲ್ಲ. ಆದ್ರೆ ಆಸ್ಪತ್ರೆಯಿಂದ ಮನೆಗೆ ಬರೋ ಕಾಗದ ನೋಡಿ. ನಮ್ಮಲ್ಲೂ ದೊಡ್ಡ ಆಸ್ಪತ್ರೆಗಳ ಡಿಸ್ಚಾರ್ಜ್ ಸಮರಿಯಲ್ಲಿ ಇಂಗ್ಲಿಷಿನ ರೋಗದ ಹೆಸರು, ಪಕ್ಕದಲ್ಲೊಂದು ಕೋಡು. ವಿಮೆಯವನಿಗೆ ಬೇಕಾದ್ದೆಲ್ಲ ಇದೆ. ಎಣ್ಣೆ ಹಚ್ಚೋ ಅಜ್ಜಿಗೆ ಬೇಕಾದ ಒಂದೇ ಒಂದು ಪದ, 'ಹಿಂಡಬೇಡಿ', ಅದಿಲ್ಲ.

ಅಜ್ಜಿಯನ್ನ ಬೈಯೋರ ಮೇಲೂ ನನಗೆ ಸಿಟ್ಟಿದೆ. ಎಳೇ ಕೂಸಿನ ಎದೆಯಲ್ಲಿ ಹಾಲು ಕಂಡ್ರೆ ಯಾರಿಗಾದ್ರೂ ಗಾಬರಿ ಆಗುತ್ತೆ. ಕೆಟ್ಟದ್ದು ಹೊರಗೆ ಹೋಗಲಿ ಅಂತ ಪ್ರೀತಿಯಿಂದಲೇ ಹಿಂಡ್ತಾರೆ. ಓದಿದವರು ಹೇಳಬೇಕಾದ್ದನ್ನ ಹೇಳದೆ, ಆಮೇಲೆ 'ಮೂಢನಂಬಿಕೆ' ಅಂದ್ರೆ ಯಾವ ನ್ಯಾಯ? ಹಾಗಂತ "ನಮ್ಮನ್ನೂ ಹಿಂಡಿದ್ರು, ನಾವು ಬದುಕಿಲ್ವಾ?" ಅನ್ನೋ ವಾದವನ್ನೂ ಒಪ್ಪಲ್ಲ. ಹೆಲ್ಮೆಟ್ ಇಲ್ಲದೆ ಮನೆ ಮುಟ್ಟಿದವರೆಲ್ಲ ಹಾಗೇ ಹೇಳ್ತಾರೆ. ಇನ್ನು ಎಷ್ಟು ಸೋಂಕು ಹಿಂಡಿದ್ದರಿಂದ ಬಂತು ಅಂತ ಲೆಕ್ಕ ಹಾಕೋಣ ಅಂದ್ರೆ, ಪಿ39.0 ಸೋಂಕು ಬಂತು ಅಂತ ಮಾತ್ರ ಹೇಳುತ್ತೆ, ಯಾಕೆ ಬಂತು ಅಂತ ಹೇಳಲ್ಲ.

ನಾನು ಕೇಳ್ತಿರೋದು ಕಷ್ಟದ್ದೇನಲ್ಲ. ಒಂದು, ಈ ಎರಡು ಕೋಡುಗಳಲ್ಲಿ ಒಂದನ್ನ ಆರಿಸಿದಾಗ ತಂತ್ರಾಂಶ ತಡೆದು "ಕೆಂಪು, ಬಿಸಿ, ಕೀವು, ಜ್ವರ ಇದೆಯಾ?" ಅಂತ ಕೇಳಲಿ. ಎರಡು, ಸಹಜ ಊತಕ್ಕೆ ಏನೂ ಮಾಡಬೇಕಾಗಿಲ್ಲದಿದ್ರೆ ಅದನ್ನ ಟಿಪ್ಪಣಿಯಲ್ಲಿ ಬರೆದು ಬಿಡಲಿ, ರೋಗದ ಪಟ್ಟಿಗೆ ಏರಿಸೋದು ಬೇಡ. ಮೂರು, ಊತ ಇರಲಿ ಇಲ್ಲದಿರಲಿ, ಕರ್ನಾಟಕದಲ್ಲಿ ಹೆರಿಗೆ ಆದ ಪ್ರತಿ ತಾಯಿಯ ಕಾಗದದಲ್ಲೂ ಕನ್ನಡದ ಎರಡು ಸಾಲು ಅಚ್ಚಾಗಲಿ: "ಮಗುವಿನ ಎದೆ ಊದಿದ್ರೆ, ಹಾಲು ಬಂದ್ರೆ ಹೆದರಬೇಡಿ, ಹಿಂಡಬೇಡಿ, ಉಜ್ಜಬೇಡಿ. ಕೆಂಪಾದ್ರೆ, ಬಿಸಿಯಾದ್ರೆ, ಕೀವು ಬಂದ್ರೆ, ಜ್ವರ ಬಂದ್ರೆ, ಹಾಲು ಕುಡಿಯದಿದ್ರೆ ಅವತ್ತೇ ಆಸ್ಪತ್ರೆಗೆ ಬನ್ನಿ." ಆಸ್ಪತ್ರೆಯಲ್ಲಿ ಹೆರಿಗೆಯಾದ್ರೆ ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಮನೆಗೆ ಬರಬೇಕು ಅಂತ ಯೋಜನೆಯಲ್ಲೇ ಇದೆ. ಊತ ಕಾಣಿಸೋದೂ ಅದೇ ದಿನಗಳಲ್ಲಿ. ಕಾಗದ ಓದೋಕೆ ಬಾರದ ಮನೆಯಲ್ಲಿ ಆಕೆ ಅದನ್ನ ಬಾಯಲ್ಲೇ ಹೇಳಬಹುದು.

ಒಂದು ಎಚ್ಚರಿಕೆ. ಕನ್ನಡ ಅಂದ ತಕ್ಷಣ 'ನವಜಾತ ಶಿಶು ಸ್ತನಶೋಥ' ಅಂತ ಬರೆದು ಕೈ ತೊಳೆದುಕೊಂಡ್ರೆ ಪಿ83.4 ಅಂತ ಬರೆದದ್ದಕ್ಕೂ ಅದಕ್ಕೂ ವ್ಯತ್ಯಾಸ ಇಲ್ಲ. ಜನ ಆಡೋ ಮಾತೇ ಬೇಕು. ಬ್ಲಾಗಿಗ ಮಿತ್ರರೇ, ಅದಕ್ಕೇ ನಿಮ್ಮನ್ನ ಕೇಳ್ತಿದ್ದೀನಿ. ಧಾರವಾಡದ ಕಡೆ ಇದಕ್ಕೆ ಏನಂತಾರೆ? ಮಂಗಳೂರಲ್ಲಿ, ಕಲಬುರಗಿಯಲ್ಲಿ, ಚಾಮರಾಜನಗರದಲ್ಲಿ? ನಿಮ್ಮ ಅಮ್ಮನ್ನೋ ಅಜ್ಜಿನ್ನೋ ಕೇಳಿ ಇಲ್ಲಿ ಬರೀರಿ. ಕೇಳುವಾಗ ಹಾಗೇ ಆ 'ಹಿಂಡಬೇಡಿ' ಮಾತನ್ನೂ ಹೇಳಿಬಿಡಿ.