ರೇಡಿಯೋ ಕೆಟ್ಟಿಲ್ಲ ಮಾರಾಯ್ರೆ

"ಈ ಕಾಲದಲ್ಲಿ ಶಾರ್ಟ್‌ವೇವ್ ಯಾರು ಕೇಳ್ತಾರೆ ಮಾರಾಯ?" ಅಂತ ಮಣಿಪಾಲದ ನನ್ನ ಆಫೀಸಿನ ಗೆಳೆಯರು ನಗುತ್ತಾರೆ. ಕಾಪುವಿನ ನಮ್ಮ ಮನೆಯಲ್ಲಿ ಅಪ್ಪ ಕೇಳುತ್ತಾರೆ. ಮುಂಬಯಿಯ ಹೋಟೆಲಿನಲ್ಲಿ ದುಡಿಯುವಾಗ ಹತ್ತಿದ ಚಟ. ಬಿಬಿಸಿ ಹಿಂದಿಯ ಶಾರ್ಟ್‌ವೇವ್ ಪ್ರಸಾರ 2020ರ ಜನವರಿ 31ಕ್ಕೆ ನಿಂತ ಮೇಲೂ ಅವರು ಮುಳ್ಳು ತಿರುಗಿಸುವುದನ್ನು ಬಿಟ್ಟಿರಲಿಲ್ಲ. ಆಮೇಲೆ ಬಿಟ್ಟರು. ಯಾವ ಬ್ಯಾಂಡಿಗೆ ಹೋದರೂ ಬರೀ ಗುರ್ ಅನ್ನುವ ಸದ್ದು. "ರೇಡಿಯೋಕ್ಕೂ ವಯಸ್ಸಾಯ್ತು, ನನ್ನ ಕಿವಿಗೂ ವಯಸ್ಸಾಯ್ತು" ಎಂದು ಅದನ್ನು ಅಟ್ಟಕ್ಕೆ ಹಾಕಿದರು. ಬಿ.ಇ. ಓದಿದ ಮಗ ನಾನು ಹೇಳಿದ್ದೇನು? "ಮೊಬೈಲಿಗೆ ಆ್ಯಪ್ ಹಾಕಿ ಕೊಡ್ತೇನೆ ಅಪ್ಪ."

ಆ ಮಾತಿಗೆ ಈಗ ನಾಚಿಕೆಯಾಗುತ್ತದೆ.

ಕಳೆದ ಮಳೆಗಾಲದ ಒಂದು ರಾತ್ರಿ ಕರೆಂಟು ಹೋಯಿತು, ಹಿಂದೆಯೇ ಮೊಬೈಲ್ ನೆಟ್‌ವರ್ಕೂ ಹೋಯಿತು. ಅಪ್ಪ ರೇಡಿಯೋ ಇಳಿಸಿ ಸೆಲ್ ಹಾಕಿದರು. 31 ಮೀಟರ್ ಬ್ಯಾಂಡಿನಲ್ಲಿ ಒಂದು ಅರಬಿ ಹಾಡು, ಪಕ್ಕದ ಕೋಣೆಯಲ್ಲಿ ಹಾಡಿದಷ್ಟು ಸ್ಪಷ್ಟ! ಅರ್ಧ ಗಂಟೆ ಬಿಟ್ಟು ಕರೆಂಟು ಬಂತು. ಅದರ ಜೊತೆಗೇ ಗುರ್.

ಅಂದರೆ ರೋಗ ರೇಡಿಯೋದ್ದಲ್ಲ, ಮನೆಯದ್ದು. ಮರುದಿನ ಮೈನ್ ಆಫ್ ಮಾಡಿ, ಸ್ಟೇಷನ್ ಇಲ್ಲದ ಕಡೆ ಮುಳ್ಳು ನಿಲ್ಲಿಸಿ, ಒಂದೊಂದೇ ಎಂಸಿಬಿ ಎತ್ತುತ್ತಾ ಹೋದೆ. ಫ್ರಿಜ್ಜು ನಿರಪರಾಧಿ. ಎಲ್‌ಇಡಿ ಬಲ್ಬುಗಳದ್ದು ಸ್ವಲ್ಪ ಪಾಲು, ದೇವರ ಕೋಣೆಯ ಮಾಲೆದೀಪದ್ದು ಇನ್ನೂ ಸ್ವಲ್ಪ. ಎಲ್ಲಕ್ಕಿಂತ ಜೋರು ಯಾವುದು ಗೊತ್ತುಂಟಾ? ಮನೆಯಿಂದ ಕೆಲಸ ಮಾಡಲು ಅಂತ ನಾನೇ ತಂದಿಟ್ಟ ವೈಫೈ ಪೆಟ್ಟಿಗೆಯ ಅಡಾಪ್ಟರ್. ಮೊದಲಿನದ್ದು ಸಿಡಿಲಿಗೆ ಹೋದಾಗ ಅಗ್ಗಕ್ಕೆ ಸಿಕ್ಕಿತೆಂದು ತಂದ ಹೆಸರಿಲ್ಲದ ಮಾಲು.

ಬಿಚ್ಚಿ ನೋಡಿದೆ. ಇಂಥ ಅಡಾಪ್ಟರ್ ಕರೆಂಟನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸುತ್ತದೆ. ಆ ಕತ್ತರಿಯ ಸದ್ದು ಶಾರ್ಟ್‌ವೇವಿನ 3ರಿಂದ 30 ಮೆಗಾಹರ್ಟ್ಸ್‌ವರೆಗೂ ಹರಡುತ್ತದೆ, ಗೋಡೆಯೊಳಗಿನ ವೈರಿಂಗೇ ಅದಕ್ಕೆ ಆಂಟೆನಾ. ತಡೆಯಲು ಬೇಕಾದ್ದು ಒಂದು ಪುಟ್ಟ ಚೋಕ್ ಸುರುಳಿ, ಒಂದೆರಡು ಕೆಪಾಸಿಟರ್. ಬೋರ್ಡಿನ ಮೇಲೆ ಅವುಗಳ ಜಾಗ ಅಚ್ಚಾಗಿತ್ತು! ಚೋಕ್ ಇರಬೇಕಾದಲ್ಲಿ ಒಂದು ತುಂಡು ತಂತಿ, ಕೆಪಾಸಿಟರ್ ಇರಬೇಕಾದಲ್ಲಿ ಖಾಲಿ ತೂತು. ನಮ್ಮಂಥ ಒಬ್ಬ ಇಂಜಿನಿಯರ್ ಅದನ್ನು ಸರಿಯಾಗಿಯೇ ಬರೆದಿದ್ದ, ಇನ್ನೊಬ್ಬ ನಾಲ್ಕು ಕಾಸು ಉಳಿಸಲು ಕಿತ್ತ. ಕಿತ್ತವನಿಗೆ ಆಫೀಸಿನಲ್ಲಿ ಭೇಷ್ ಅಂದಿರಬೇಕು, ಅಂಥ ಮೀಟಿಂಗುಗಳಲ್ಲಿ ನಾನೂ ಕೂತಿದ್ದೇನೆ.

ಬಲ್ಬಿನ ಡಬ್ಬದಲ್ಲಿ ಐಎಸ್ 16102 ಎಂಬ ಸಂಖ್ಯೆ ಉಂಟಲ್ಲ, ಅದರ ಮೊದಲ ಭಾಗ ಸುರಕ್ಷತೆಗೆ ಸಂಬಂಧಿಸಿದ್ದು. ದೀಪಗಳ ರೇಡಿಯೋ ಗದ್ದಲಕ್ಕೆ ಸಿಸ್ಪರ್ 15 ಎಂಬ ಬೇರೆಯೇ ಅಂತಾರಾಷ್ಟ್ರೀಯ ಮಾನದಂಡ ಉಂಟು. ಉಡುಪಿಯ ಅಂಗಡಿಯೊಂದರಲ್ಲಿ ಆ ಹೆಸರು ಹೇಳಿ ಬಲ್ಬು ಕೇಳಿದೆ. "ಎಷ್ಟು ವಾಟ್ಸಿನದ್ದು ಅದು?" ಅಂದರು. ಅಂಗಡಿಯವರ ತಪ್ಪಲ್ಲ. ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯಲು ತಯಾರಕರಿಗೆ ಏನು ಧಾಡಿ? ಪಕ್ಕದವರ ಹೊಗೆ ನಮ್ಮ ಅಂಗಳಕ್ಕೆ ಬಂದರೆ ಪಂಚಾಯತಿಗೆ ಹೋಗುವ ನಾವು, ಈ ಹೊಗೆಗೆ ಮಾತ್ರ ಮುದುಕರ ಕಿವಿಯನ್ನು ದೂರುತ್ತೇವೆ.

ಅಡಾಪ್ಟರ್ ಬದಲಾಯಿಸಿದೆ. ಅಪ್ಪನ ರೇಡಿಯೋ ಈಗ ಚಾವಡಿಯ ಕಿಟಕಿಯಲ್ಲಿದೆ.

ಕಾರ್ಕಳದ ದೊಡ್ಡಪ್ಪನ ಮನೆಯ ಕಥೆ ಇಷ್ಟು ಸುಲಭದ್ದಲ್ಲ. ಮೈನ್ ತೆಗೆದರೂ ಗುರ್ ನಿಲ್ಲಲಿಲ್ಲ. ಪುಟ್ಟ ಟ್ರಾನ್ಸಿಸ್ಟರನ್ನು ಮೀಡಿಯಂ ವೇವಿಗೆ ಹಾಕಿ ಅಂಗಳದಲ್ಲಿ ನಿಂತು ನಿಧಾನ ತಿರುಗಿಸಿದೆ. ಒಳಗಿನ ಫೆರೈಟ್ ಕಡ್ಡಿಯ ತುದಿ ಸದ್ದಿನ ಮೂಲಕ್ಕೆ ನೇರವಾದಾಗ ಸದ್ದು ತಗ್ಗುತ್ತದೆ. ಎರಡು ಮೂಲೆಯಿಂದ ನೋಡಿದರೂ ಕಡ್ಡಿ ತೋರಿಸಿದ್ದು ಪಕ್ಕದ ಮನೆಯನ್ನು. "ರೇಡಿಯೋಕ್ಕೋಸ್ಕರ ಜಗಳ ಬೇಡ ಮಗ" ಅಂದರು ದೊಡ್ಡಮ್ಮ. ಜಗಳಕ್ಕಲ್ಲ. ಬರುವ ಭಾನುವಾರ ಒಂದು ಒಳ್ಳೆ ಅಡಾಪ್ಟರ್, ಎರಡು ಫೆರೈಟ್ ಕ್ಲಿಪ್ಪು ಹಿಡಿದು, ದೊಡ್ಡಪ್ಪನನ್ನೂ ರೇಡಿಯೋವನ್ನೂ ಕರೆದುಕೊಂಡು ಅವರ ಮನೆಗೆ ಹೋಗುತ್ತಿದ್ದೇನೆ.