ಚೌಕಟ್ಟಿನ ಮೇಲೆ ಯಾರ ಹಕ್ಕು?

ಟಿವಿಯ ತುಂಬ ಚಿತ್ರ ಬರಲಿಲ್ಲವೆಂದರೆ ನಮ್ಮಲ್ಲಿ ಬಹಳ ಮಂದಿಗೆ ಏನೋ ಮೋಸವಾದಂತೆ ಅನಿಸುತ್ತದೆ. ಅಷ್ಟು ದುಡ್ಡು ಸುರಿದು ದೊಡ್ಡ ಪರದೆ ತಂದದ್ದು ಮೇಲೂ ಕೆಳಗೂ ಕಪ್ಪು ಪಟ್ಟಿ ನೋಡುವುದಕ್ಕೋ? ಕೈ ತಾನಾಗಿ ರಿಮೋಟಿಗೆ ಹೋಗುತ್ತದೆ. ಝೂಮ್ ಒತ್ತಿದರೆ ಪಟ್ಟಿ ಮಾಯ. ಅದರ ಜೊತೆಗೆ ಸಿನಿಮಾಸ್ಕೋಪ್ ಚಿತ್ರವಾದರೆ ಅಗಲದಲ್ಲಿ ನಾಲ್ಕನೇ ಒಂದು ಪಾಲೂ ಮಾಯ, ಆದರೆ ಅದು ಕಾಣುವುದಿಲ್ಲವಾದ್ದರಿಂದ ಯಾರಿಗೂ ಬೇಸರವಿಲ್ಲ. ಹಳೆಯ ಚಿತ್ರವಾದರೆ ಕಥೆ ಉಲ್ಟಾ. ಪಟ್ಟಿ ಎಡಬಲಕ್ಕೆ ಬರುತ್ತದೆ, ಅದನ್ನು ಮುಚ್ಚಲು ಚಿತ್ರವನ್ನೇ ಹಿಗ್ಗಿಸುತ್ತಾರೆ. ‘ಬಂಗಾರದ ಮನುಷ್ಯ’ದ ರಾಜ್‌ಕುಮಾರ್ ಮೂರನೇ ಒಂದು ಪಾಲು ದಪ್ಪಗಾಗಿ ಹೊಲದಲ್ಲಿ ಓಡಾಡುತ್ತಾರೆ. ಮನೆಮಂದಿ ಆರಾಮವಾಗಿ ನೋಡುತ್ತಾರೆ.

ಇದು ಬರೀ ರಿಮೋಟಿನ ತಂಟೆಯಲ್ಲ. ಒಂದು ಚಿತ್ರದ ಅಂಚು ಎಲ್ಲಿ ಮುಗಿಯಬೇಕೆಂದು ಹೇಳುವ ಹಕ್ಕು ಯಾರದು? ಕೊಂಡವನದೋ, ಮಾರಿದವನದೋ, ತೆಗೆದವನದೋ? ‘ತೆಗೆದವನದು’ ಎನ್ನುವುದು ಸುಲಭದ ಉತ್ತರ. ಅದು ಅರ್ಧ ಮಾತ್ರ ಸರಿ ಎಂದು ನನಗನಿಸುತ್ತದೆ.

ಗೊಂದಲದ ಬೇರು 1953ರಲ್ಲಿದೆ. ಅಲ್ಲಿಯತನಕ ಚಿತ್ರದ ಆಕಾರಕ್ಕೆ ಹೆಚ್ಚು ತಕರಾರಿರಲಿಲ್ಲ. ಎಡಿಸನ್ನನ ಪ್ರಯೋಗಶಾಲೆಯಲ್ಲಿ ಡಿಕ್ಸನ್ ಗೊತ್ತುಮಾಡಿದ 35 ಎಂಎಂ ಫಿಲ್ಮಿನ ಚೌಕಟ್ಟು ಎತ್ತರ ಒಂದಾದರೆ ಅಗಲ 1.33. ಪಕ್ಕದಲ್ಲಿ ಧ್ವನಿಯ ಪಟ್ಟಿ ಸೇರಿಕೊಂಡ ಮೇಲೆ 1932ರಲ್ಲಿ ಹಾಲಿವುಡ್ಡಿನ ಅಕಾಡೆಮಿ ಅದನ್ನು 1.37 ಎಂದು ತುಸು ತಿದ್ದಿತು. ಟಿವಿ ಹುಟ್ಟಿದಾಗ ಇದೇ ಆಕಾರವನ್ನು ಎತ್ತಿಕೊಂಡಿತು. ಜನ ಮನೆಯಲ್ಲೇ ಕೂರತೊಡಗಿದ ಮೇಲೆ, ಟಿವಿ ಕೊಡಲಾಗದ್ದನ್ನು ಕೊಡಬೇಕೆಂದು ಥಿಯೇಟರುಗಳು ಪರದೆಯನ್ನು ಅಗಲ ಮಾಡಿದವು. ಇದನ್ನು ಎರಡು ದಾರಿಯಲ್ಲಿ ಮಾಡಿದರು, ಮುಂದಿನ ಎಪ್ಪತ್ತು ವರ್ಷಗಳ ಎಷ್ಟೋ ತಕರಾರು ಈ ಎರಡನ್ನು ಒಂದೇ ಎಂದುಕೊಂಡದ್ದರಿಂದ ಬಂದದ್ದು.

‘ದಿ ರೋಬ್’ ಚಿತ್ರದೊಂದಿಗೆ ಫಾಕ್ಸ್ ಕಂಪನಿ ತಂದ ಸಿನಿಮಾಸ್ಕೋಪ್ ಒಂದು ದಾರಿ. ಕ್ಯಾಮೆರಾದ ಮಸೂರ ಅಗಲದ ದೃಶ್ಯವನ್ನು ಅಡ್ಡಡ್ಡ ಹಿಂಡಿ ಫಿಲ್ಮಿಗೆ ತುಂಬುತ್ತದೆ, ಪ್ರೊಜೆಕ್ಟರಿನ ಮಸೂರ ಅದನ್ನು ಬಿಡಿಸುತ್ತದೆ. ಇಲ್ಲಿ ಅಗಲ ನಿಜವಾದ ಅಗಲ. 1959ರ ‘ಕಾಗಜ್ ಕೆ ಫೂಲ್’ ನಮ್ಮ ದೇಶದ ಮೊದಲ ಸ್ಕೋಪ್ ಚಿತ್ರ, ಕನ್ನಡಕ್ಕೆ ಅದು ಬಂದದ್ದು 1977ರ ‘ಸೊಸೆ ತಂದ ಸೌಭಾಗ್ಯ’ದಲ್ಲಿ. ಇನ್ನೊಂದು ದಾರಿ ಬಡವರದು. ಮಾಮೂಲಿ ಫಿಲ್ಮಿನಲ್ಲೇ ತೆಗೆದು, ಪ್ರೊಜೆಕ್ಟರಿನ ಗೇಟಿಗೆ ಕಿರಿದಾದ ಕಿಂಡಿಯ ತಗಡು ಹಾಕಿ ಮೇಲೂ ಕೆಳಗೂ ಮರೆಮಾಡುವುದು. ಅಮೆರಿಕದಲ್ಲಿ ಇದು 1.85ಕ್ಕೆ ನಿಂತಿತು, ಯುರೋಪಿನ ಹಲವು ಕಡೆ 1.66ಕ್ಕೆ. ಇಲ್ಲಿ ಅಗಲ ಹೆಚ್ಚಾದದ್ದೇನಿಲ್ಲ, ಎತ್ತರ ಕಡಿಮೆಯಾಯಿತು ಅಷ್ಟೇ.

ಎರಡಕ್ಕೂ ವೈಡ್‌ಸ್ಕ್ರೀನ್ ಎಂದೇ ಹೆಸರು. ಡಿವಿಡಿ ಕಾಲದಲ್ಲಿ ಈ ಒಂದು ಹೆಸರು ಎಂಜಿಎಂ ಕಂಪನಿಯನ್ನು ಕೋರ್ಟಿಗೆ ಎಳೆಯಿತು. ‘ವೈಡ್‌ಸ್ಕ್ರೀನ್ ಕೊಂಡರೆ ಎರಡು ಬದಿಯಲ್ಲೂ ಹೆಚ್ಚು ಚಿತ್ರ ಸಿಗುತ್ತದೆ’ ಎಂಬರ್ಥದ ಸಚಿತ್ರ ವಿವರಣೆಯನ್ನು ಕಂಪನಿ ತನ್ನ ಡಿವಿಡಿಗಳ ಜೊತೆ ಕೊಡುತ್ತಿತ್ತು. ಸ್ಕೋಪ್ ಚಿತ್ರಗಳಿಗೆ ಅದು ಸತ್ಯ. ತಗಡು ಹಾಕಿ ತೋರಿಸುವ 1.85ರ ಚಿತ್ರಗಳಿಗೆ ಅಪ್ಪಟ ಸುಳ್ಳು, ಏಕೆಂದರೆ ಅಲ್ಲಿ ಹಳೆಯ ಟಿವಿಯ ಆಕಾರದ ಫುಲ್‌ಸ್ಕ್ರೀನ್ ಪ್ರತಿಯಲ್ಲೇ ಮೇಲೆ ಕೆಳಗೆ ಹೆಚ್ಚು ಕಾಣುತ್ತದೆ, ಅಗಲ ಎರಡರಲ್ಲೂ ಒಂದೇ. 2005ರ ಹೊತ್ತಿಗೆ ಕಂಪನಿ ರಾಜಿಗೆ ಬಂದು, ಹಳೆಯ ಡಿಸ್ಕ್ ಹಿಂತಿರುಗಿಸಿದವರಿಗೆ ಒಂದಿಷ್ಟು ದುಡ್ಡನ್ನೋ ಬೇರೆ ಡಿವಿಡಿಯನ್ನೋ ಕೊಟ್ಟಿತು.

ಇದನ್ನು ಓದಿದವರಿಗೆ ಒಂದು ಆಸೆ ಹುಟ್ಟುತ್ತದೆ. ಹಾಗಾದರೆ ಮರೆಮಾಡದ ಪ್ರತಿಯೇ ಮೇಲಲ್ಲವೇ? ನೆಗೆಟಿವ್‌ನಲ್ಲಿ ಇರುವುದನ್ನೆಲ್ಲ ತೋರಿಸಲಿ! ಈ ವಾದಕ್ಕೆ ಉತ್ತರವಾಗಿ ನಿರ್ದೇಶಕ ಕ್ಯೂಬ್ರಿಕ್‌ನ ‘ದಿ ಶೈನಿಂಗ್’ ಒಂದೇ ಸಾಕು. ಬೆಟ್ಟದ ದಾರಿಯಲ್ಲಿ ಹೋಗುವ ಪುಟ್ಟ ಕಾರನ್ನು ಆಕಾಶದಿಂದ ಹಿಂಬಾಲಿಸುವ ಅದರ ಆರಂಭ ಪ್ರಸಿದ್ಧ. ಪೂರ್ತಿ ಚೌಕಟ್ಟಿನ ವಿಡಿಯೋ ಪ್ರತಿಯಲ್ಲಿ ಒಂದು ಕಡೆ ತೆರೆಯ ಮೇಲಂಚಿಗೆ ಹೆಲಿಕಾಪ್ಟರಿನ ರೆಕ್ಕೆ ಸುತ್ತುವುದು ಕಾಣುತ್ತದೆ. ಯಾರೋ ಅಗೋಚರ ಶಕ್ತಿ ನೋಡುತ್ತಿದೆ ಎಂಬ ಭಯ ಹೋಗಿ, ಬಾಡಿಗೆಗೆ ತಂದ ಹೆಲಿಕಾಪ್ಟರ್ ನೆನಪಾಗುತ್ತದೆ. ಕ್ಯಾಮೆರಾಕ್ಕೆ ಸಿಕ್ಕಿದ್ದೆಲ್ಲ ಚಿತ್ರವಲ್ಲ. ಬಿಡುವುದು ಯಾವುದನ್ನು ಎಂದು ಗೊತ್ತುಮಾಡಿದ ಮೇಲೆಯೇ ಅದು ಚಿತ್ರವಾಗುವುದು.

ಬದಿ ಕತ್ತರಿಸುವುದರ ಅನ್ಯಾಯ ವಿವರಿಸುವ ಅಗತ್ಯವೇ ಇಲ್ಲ. ಹಳೆಯ ಡಬ್ಬಾ ಟಿವಿಯಲ್ಲಿ ಸ್ಕೋಪ್ ಚಿತ್ರ ನೋಡಿದವರಿಗೆಲ್ಲ ಅದು ಗೊತ್ತು. ಟೈಟಲ್ ಓಡುವಾಗ ಎಲ್ಲರೂ ಕಡ್ಡಿಯಂತೆ ಸಣ್ಣಗೆ ಉದ್ದಗೆ ಇರುತ್ತಿದ್ದರು, ಅಕ್ಷರಗಳು ಕತ್ತರಿಸಿಹೋಗದಿರಲೆಂದು ಹಿಂಡಿದ ಚಿತ್ರವನ್ನು ಹಾಗೇ ಬಿಡುತ್ತಿದ್ದರು. ನಿರ್ದೇಶಕರ ಹೆಸರು ಹೋದದ್ದೇ ತಡ, ಹೀರೋ ಒಮ್ಮೆಲೇ ಮೈಕೈ ತುಂಬಿಕೊಳ್ಳುತ್ತಿದ್ದ. ಆಮೇಲೆ ಇಬ್ಬರ ಮಾತುಕತೆ ಬಂದರೆ ಈ ಅಂಚಿಗೊಂದು ಮೂಗು, ಆ ಅಂಚಿಗೊಂದು ಮೂಗು, ನಡುವೆ ಗೋಡೆ. ಪ್ಯಾನ್ ಅಂಡ್ ಸ್ಕ್ಯಾನ್ ಎಂಬ ಈ ಕಸುಬಿನಲ್ಲಿ ಚಿತ್ರದ ಶೇಕಡಾ 40ಕ್ಕಿಂತ ಹೆಚ್ಚು ಭಾಗ ಹೋಗುತ್ತಿತ್ತು. ತನ್ನ ‘ತ್ರೀ ಡೇಸ್ ಆಫ್ ದಿ ಕಾಂಡೋರ್’ ಅನ್ನು ಹೀಗೆ ತೋರಿಸಿದ್ದಕ್ಕೆ ನಿರ್ದೇಶಕ ಸಿಡ್ನಿ ಪೊಲಾಕ್ ಡೆನ್ಮಾರ್ಕಿನ ಟಿವಿಯ ಮೇಲೆ ದಾವೆ ಹೂಡಿದ. ಇದು ಕೃತಿಯ ಅಂಗಭಂಗವೇ ಎಂದು ನ್ಯಾಯಾಲಯ ಒಪ್ಪಿತು, ಆದರೆ ತಾಂತ್ರಿಕ ಕಾರಣಕ್ಕೆ ಕೇಸು ಅವನ ಕಡೆ ಆಗಲಿಲ್ಲ.

ಈತನಕ ಕತ್ತರಿಸಿದವನು ಕಳ್ಳ, ತೆಗೆದವನು ಯಜಮಾನ. ಆದರೆ ತೆಗೆದವನೇ ಕತ್ತರಿ ಹಿಡಿದರೆ?

ಛಾಯಾಗ್ರಾಹಕ ವಿಟ್ಟೋರಿಯೊ ಸ್ಟೊರಾರೊ 90ರ ದಶಕದ ಕೊನೆಗೆ ಇನ್ನುಮುಂದೆ ಎಲ್ಲ ಚಿತ್ರಗಳೂ 2.00 ಅಳತೆಯಲ್ಲಿರಲಿ ಎಂದು ಸೂತ್ರವೊಂದನ್ನು ಮುಂದಿಟ್ಟರು. ಮುಂದಿನವು ಹಾಗಿರಲಿ, ಯಾರು ಬೇಡವೆಂದರು? ಆದರೆ ಅವರೇ ಸ್ಕೋಪಿನಲ್ಲಿ ತೆಗೆದು ಲೋಕವೆಲ್ಲ ನೋಡಿ ಮುಗಿಸಿದ್ದ ‘ಅಪೊಕ್ಯಾಲಿಪ್ಸ್ ನೌ’ ಡಿವಿಡಿಗೆ ಬಂದಾಗ ಅದರ ಬದಿಗಳನ್ನೂ ಕತ್ತರಿಸಿ 2.00 ಮಾಡಲಾಯಿತು. ಅವರದೇ ‘ದಿ ಲಾಸ್ಟ್ ಎಂಪರರ್’ 2008ರಲ್ಲಿ ಕ್ರೈಟೀರಿಯನ್ ಎಂಬ ಡಿಸ್ಕ್ ಕಂಪನಿಯಿಂದ ಬಂದಾಗಲೂ ಅದೇ ಗತಿ. ಆ ಚಿತ್ರಗಳನ್ನು ಅಷ್ಟು ಚೆನ್ನಾಗಿ ತೆಗೆದವರ ಜೊತೆ ಜಗಳಕ್ಕೆ ನಿಲ್ಲಲು ಸಂಕೋಚವಾಗುತ್ತದೆ, ಆದರೂ ನಿಲ್ಲಲೇಬೇಕು. ಶೂಟಿಂಗ್ ದಿನ ಕ್ಯಾಮೆರಾದ ಕಿಂಡಿಯಲ್ಲಿ ಕಣ್ಣಿಟ್ಟು ಇಬ್ಬರನ್ನು ಎಷ್ಟು ದೂರ ನಿಲ್ಲಿಸಬೇಕೆಂದು ಗೊತ್ತುಮಾಡಿದ ಸ್ಟೊರಾರೊ, ಇಪ್ಪತ್ತು ವರ್ಷದ ನಂತರ ಸಿದ್ಧಾಂತ ಕಟ್ಟಿದ ಸ್ಟೊರಾರೊಗಿಂತ ಈ ವಿಷಯದಲ್ಲಿ ದೊಡ್ಡವರು. 2010ರ ಬ್ಲೂ-ರೇಯಲ್ಲಿ ‘ಅಪೊಕ್ಯಾಲಿಪ್ಸ್ ನೌ’ಗೆ ಅದರ ಅಗಲ ಮರಳಿತು.

ನೆನಪಿನ ಸಾಕ್ಷ್ಯವೂ ಅಷ್ಟೇ ಜಾರುವಂಥದ್ದು. 2011ರಲ್ಲಿ ಕ್ಯೂಬ್ರಿಕ್‌ನ ‘ಬ್ಯಾರಿ ಲಿಂಡನ್’ ಬ್ಲೂ-ರೇ ಬಂದಾಗ ಅದರ ಅಳತೆ 1.78, ಅಂದರೆ ಹೊಸ ಟಿವಿಯ ಆಕಾರವೇ. ಇದೇ ಸರಿ ಎಂದವರು ಕ್ಯೂಬ್ರಿಕ್‌ನ ಜೊತೆ ದಶಕಗಳ ಕಾಲ ದುಡಿದ, ಅದೇ ಚಿತ್ರದಲ್ಲಿ ಲಾರ್ಡ್ ಬುಲಿಂಗ್‌ಡನ್ ಪಾತ್ರ ಮಾಡಿದ ಲಿಯಾನ್ ವಿಟಾಲಿ. ಅವರಿಗಿಂತ ಹತ್ತಿರದ ಸಾಕ್ಷಿ ಇನ್ನಾರು? ಅಷ್ಟರಲ್ಲಿ ಒಂದು ಹಳೆಯ ಕಾಗದ ಹೊರಬಂತು. 1975ರ ಡಿಸೆಂಬರಿನಲ್ಲಿ ಕ್ಯೂಬ್ರಿಕ್ ಥಿಯೇಟರುಗಳ ಪ್ರೊಜೆಕ್ಟರ್ ಆಪರೇಟರುಗಳಿಗೆ ಬರೆದ ಪತ್ರ ಅದು. ಚಿತ್ರ ತೆಗೆದದ್ದು 1.66ರಲ್ಲಿ, ಹಾಗೆಯೇ ತೋರಿಸಿ, 1.75ರ ಆಚೆ ಮಾತ್ರ ಹೋಗಬೇಡಿ ಎಂಬುದು ಅದರ ಸಾರ. ವಾದ ಅಲ್ಲಿಗೆ ಮುಗಿಯಿತು, 2017ರ ಕ್ರೈಟೀರಿಯನ್ ಪ್ರತಿ 1.66ರಲ್ಲೇ ಬಂತು. ವ್ಯತ್ಯಾಸ ಎಷ್ಟು ಮಹಾ ಎಂದು ಕೇಳಬಹುದು. ಎತ್ತರದಲ್ಲಿ ಶೇಕಡಾ 7ರಷ್ಟು. ಚಿತ್ರಕಾರ ಗೇನ್ಸ್‌ಬರೋ ಕಾಲದ ವರ್ಣಚಿತ್ರಗಳನ್ನು ಮುಂದಿಟ್ಟುಕೊಂಡು ಒಂದೊಂದು ಶಾಟನ್ನೂ ಕಟ್ಟಿದ ಚಿತ್ರದಲ್ಲಿ, ತಲೆಯ ಮೇಲಿನ ಅಷ್ಟು ಆಕಾಶ ಸಣ್ಣದೇನಲ್ಲ.

ಹಾಗಾದರೆ ಥಿಯೇಟರಿನಲ್ಲಿ ಮೊದಲು ಹೇಗೆ ತೋರಿಸಿದರೋ ಅದೇ ಪ್ರಮಾಣ ಎನ್ನಬಹುದೇ? ಅದೂ ಆಗದು. ಹಾಲಿವುಡ್ಡಿನ ‘ಶೇನ್’ ಚಿತ್ರ ತಯಾರಾದದ್ದು 1.37ಕ್ಕೆ. ಬಿಡುಗಡೆಯ ಹೊತ್ತಿಗೆ, ಅಂದರೆ 1953ರಲ್ಲಿ, ಅಗಲದ ಹುಚ್ಚು ಹಿಡಿದಿತ್ತು, ಪ್ಯಾರಾಮೌಂಟ್ ಕಂಪನಿ ಅದನ್ನು 1.66ಕ್ಕೆ ಕತ್ತರಿಸಿ ತೋರಿಸಿತು. ಅರವತ್ತು ವರ್ಷದ ಮೇಲೆ ಬ್ಲೂ-ರೇಗೆ ಸಿದ್ಧವಾದಾಗ ಮೊದಲು 1.66 ಎಂದರು, ಸಿನಿಮಾಪ್ರಿಯರ ಗಲಾಟೆಯಾಯಿತು, ಕೊನೆಗೆ 1.37ರಲ್ಲಿ ಬಂತು. ಗಲಾಟೆ ಮಾಡಿದವರೇ ಸರಿ. ಮಾರಾಟದವರ ಆತುರ ಹಳೆಯದಾದ ಮಾತ್ರಕ್ಕೆ ಪ್ರಮಾಣವಾಗುವುದಿಲ್ಲ.

ಚಿತ್ರ ಕಟ್ಟುವಾಗ ಯಾವ ಚೌಕಟ್ಟನ್ನು ಕಣ್ಣಮುಂದೆ ಇಟ್ಟುಕೊಂಡಿದ್ದರು ಎಂಬುದೊಂದೇ ನನ್ನ ಮಟ್ಟಿಗೆ ನಿಲ್ಲುವ ಅಳತೆಗೋಲು. ಅದಕ್ಕೆ ಆ ಕಾಲದ ಕಾಗದಪತ್ರವೇ ಮೊದಲ ಸಾಕ್ಷಿ. ಹಾಗೆಂದು ಉತ್ತರ ಯಾವಾಗಲೂ ಒಂದೇ ಇರುತ್ತದೆಂದಲ್ಲ. ‘ಶೋಲೆ’ ನೋಡಿ. 70 ಎಂಎಂ ಕ್ಯಾಮೆರಾ ದುಬಾರಿಯೆಂದು ಅದನ್ನು 35 ಎಂಎಂನಲ್ಲೇ ತೆಗೆದು, 2.2ರ ಅಗಲಕ್ಕೆ ಆಮೇಲೆ ದೊಡ್ಡದು ಮಾಡಿದರು. ಅದರ ಚೌಕಟ್ಟು ಯಾವುದು, ತೆಗೆದದ್ದೋ ತೋರಿಸಿದ್ದೋ? ‘ಆನ್ ದಿ ವಾಟರ್‌ಫ್ರಂಟ್’ ತಯಾರಾದ ದಿನಗಳಲ್ಲಂತೂ ಯಾವ ಥಿಯೇಟರಿನಲ್ಲಿ ಯಾವ ಪರದೆ ಇದೆಯೆಂದೇ ಹೇಳುವಂತಿರಲಿಲ್ಲ. 2013ರಲ್ಲಿ ಕ್ರೈಟೀರಿಯನ್ ಆ ಚಿತ್ರವನ್ನು 1.66, 1.85, 1.33 ಮೂರರಲ್ಲೂ ಕೊಟ್ಟು, ಏಕೆ ಹೀಗೆಂದು ವಿವರಿಸಿತು. ಸಂದೇಹವಿದ್ದ ಕಡೆ ಸಂದೇಹವನ್ನೇ ಮಾರಾಟಕ್ಕಿಟ್ಟ ಈ ಪ್ರಾಮಾಣಿಕತೆ ನನಗೆ ಇಷ್ಟ.

ಈಗ ಡಿಸ್ಕ್ ಹೋಗಿ ಸ್ಟ್ರೀಮಿಂಗ್ ಬಂದಿದೆ. ಡಿಸ್ಕಿನ ಬೆನ್ನಿಗೆ ಸಣ್ಣಕ್ಷರದಲ್ಲಾದರೂ ಒಂದು ಅಂಕಿ ಇರುತ್ತಿತ್ತು, ಇಲ್ಲಿ ಬೆನ್ನೇ ಇಲ್ಲ. 2019ರಲ್ಲಿ ಡಿಸ್ನಿ ಪ್ಲಸ್ ‘ದಿ ಸಿಂಪ್ಸನ್ಸ್’ ಕಾರ್ಟೂನ್ ಸರಣಿಯ ಹಳೆಯ ಕಂತುಗಳನ್ನು ಹೊಸ ಟಿವಿಗೆ ಹೊಂದುವಂತೆ ಮೇಲೆ ಕೆಳಗೆ ಕತ್ತರಿಸಿ ಹಾಕಿತು. ಒಂದು ಕಂತಿನಲ್ಲಿ ಬಿಯರ್ ಕಾರ್ಖಾನೆಯ ದೃಶ್ಯವಿದೆ. ಮೂರು ಬೇರೆ ಬೇರೆ ಹೆಸರಿನ ಬಿಯರ್ ತೊಟ್ಟಿಗಳು, ಮೂರಕ್ಕೂ ಮೇಲೆ ಒಂದೇ ಕೊಳವೆಯಿಂದ ಸರಬರಾಜು. ತಮಾಷೆ ಇರುವುದೇ ಆ ಕೊಳವೆಯಲ್ಲಿ, ಹೋದದ್ದೂ ಅದೇ. ನೋಡುಗರು ಬೈದರು. ಮರುವರ್ಷ ಡಿಸ್ನಿ ಒಂದು ಆಯ್ಕೆ ಸೇರಿಸಿತು. ಬೇಕಾದವರು ಹಳೆಯ ಆಕಾರದಲ್ಲಿ ನೋಡಬಹುದು, ಪರದೆ ತುಂಬಬೇಕೆನ್ನುವವರು ಹಾಗೆ ನೋಡಬಹುದು. ಇಷ್ಟು ಸಾಧ್ಯವಿರುವಾಗ ನಮ್ಮ ಹಳೆಯ ಕನ್ನಡ ಚಿತ್ರಗಳನ್ನು ಟಿವಿಯಲ್ಲೂ ಆ್ಯಪ್‌ಗಳಲ್ಲೂ ಹಾಕುವವರು ಚಿತ್ರದ ಹೆಸರು, ವರ್ಷ, ಅವಧಿಗಳ ಪಕ್ಕದಲ್ಲಿ ಇನ್ನೊಂದು ಅಂಕಿ ಬರೆಯಬಹುದು. ಕತ್ತರಿಸಿದ್ದರೆ ಕತ್ತರಿಸಿದ್ದೇವೆ ಎಂದೂ ಬರೆಯಬಹುದು. ಝೂಮ್ ಒತ್ತುವವರು ಆಮೇಲೂ ಒತ್ತಲಿ, ಅದು ಅವರ ರಿಮೋಟು.